ಎಣ್ಣೆಯಕ್ಕನ ಮೂಗು

ಅವಳನ್ನು ಬೆಟ್ಟ ಹತ್ತುವವರೆಲ್ಲ ಎಣ್ಣೆಯಕ್ಕ ಎಂದೇ ಕರೆಯುತ್ತಿದ್ದರು. ಹೊಸಬರು ಆ ಹೆಸರು ಕೇಳಿದ ಕೂಡಲೇ ಮುಸಿಮುಸಿ ನಗುತ್ತಿದ್ದರು. 'ಯಾವ ಎಣ್ಣೆ ಅಕ್ಕಾ, ರಾತ್ರಿ ಕುಡಿಯೋದಾ?' ಎಂದು ಯಾರಾದರೂ ಕೇಳಿದರೆ ಅವಳು ಬೆನ್ನುಚೀಲದ ಪಕ್ಕದ ಜೇಬನ್ನು ತಟ್ಟಿ, 'ಇದು ತಲೆಗೆ ಏರೋದಲ್ಲಪ್ಪ, ಕಾಲಿಗೆ ಇಳಿಯೋದು' ಎನ್ನುತ್ತಿದ್ದಳು.

ಮೊದಲು ಅವಳು ನೂಲಿನ ಗಿರಣಿಯೊಂದರ ಮೆಸ್ಸಿನಲ್ಲಿ ಅಡುಗೆಯವಳಾಗಿದ್ದಳು. ಗಿರಣಿ ಮುಚ್ಚಿದಾಗ ಮೆಸ್ಸೂ ಮುಚ್ಚಿತು. ಅವಳ ತಮ್ಮ ಆಗಲೇ ಪಟ್ಟಣದವರನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಕೆಲಸ ಶುರುಮಾಡಿದ್ದ. ಎಲ್ಲರೂ ತಮ್ಮ ತಮ್ಮ ಚೀಲ ತಾವೇ ಹೊತ್ತು, ಡೇರೆ ಹಾಕಿ ಮಲಗುತ್ತ, ನಾಲ್ಕೈದು ದಿನ ನಡೆಯುವ ಪ್ರವಾಸ. 'ಅಕ್ಕಾ, ದಾರಿ ನಾನು ನೋಡ್ಕೋತೀನಿ, ಹೊಟ್ಟೆ ನೀನು ನೋಡ್ಕೋ' ಎಂದ. ಅವಳು ಒಪ್ಪಿದಳು.

ಮೊದಲ ಸಲ ಎಣ್ಣೆಯನ್ನು ತಮ್ಮನೇ ತುಂಬಿಕೊಂಡಿದ್ದ, ಅಂಗಡಿಯ ತೆಳು ಪೊಟ್ಟಣದಲ್ಲಿ. ಎರಡನೆಯ ದಿನ ಅದು ಚೀಲದೊಳಗೇ ಒಡೆದು ಮಲಗುವ ಹಾಸಿಗೆ, ಸ್ವೆಟರು, ಕಾಲುಚೀಲ ಎಲ್ಲ ಎಣ್ಣೆಯಲ್ಲಿ ಅದ್ದಿದಂತಾಯಿತು. ಅಂದಿನಿಂದ ಎಣ್ಣೆಯ ಜವಾಬ್ದಾರಿ ಅಕ್ಕನದು. ಒಂದು ದೊಡ್ಡ ಬಾಟಲಿಯ ಬದಲು ದಪ್ಪ ಪ್ಲಾಸ್ಟಿಕ್ಕಿನ ಎರಡು ಸಣ್ಣ ಬಾಟಲಿಗಳನ್ನು ಇಟ್ಟುಕೊಂಡಳು. ಮೇಲೆ ಹೋದಷ್ಟೂ ಒಳಗಿನ ಗಾಳಿ ಹಿಗ್ಗಿ ಮುಚ್ಚಳವನ್ನು ತಳ್ಳುತ್ತದೆಂದು ಆಮೇಲೆ ಕಲಿತುಕೊಂಡು, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಸೇರಿಸಿ ಬಿಗಿದು, ಹಳೇ ಬಟ್ಟೆ ಸುತ್ತಿ, ಬಾಟಲಿಗಳು ನಿಂತೇ ಇರುವಂತೆ ಜೇಬಿಗೆ ತುರುಕುತ್ತಿದ್ದಳು. ಅಕ್ಕಿ, ಬೇಳೆ, ಆಲೂಗಡ್ಡೆ ಒಂದೇ ಪಾತ್ರೆಯಲ್ಲಿ ಬೆಂದು ಒಲೆಯಿಂದ ಇಳಿದ ಮೇಲೆ ತಲೆಗೊಂದು ಚಮಚದ ಲೆಕ್ಕದಲ್ಲಿ ಹಸಿ ಎಣ್ಣೆ ಹಾಕಿ ಕಲಸುತ್ತಿದ್ದಳು. ಹೊರುವುದಕ್ಕೆ ಹಗುರ, ಹೊಟ್ಟೆಗೆ ಗಟ್ಟಿ. ಬೆಟ್ಟದಲ್ಲಿ ಅದಕ್ಕಿಂತ ಬೇರೆ ಬಲ ಇಲ್ಲ ಎಂಬುದು ಅವಳ ನಂಬಿಕೆ.

ಇಷ್ಟೆಲ್ಲದರ ಮೇಲೂ ಅವಳು ನೆಚ್ಚಿಕೊಂಡಿದ್ದು ಮೂಗನ್ನು. ಅಂಗಡಿಯವನು ಬಾಟಲಿಯ ಮುಚ್ಚಳ ತೆಗೆಯುತ್ತಿದ್ದ ಹಾಗೇ ಕಮಟು ವಾಸನೆ ಹಿಡಿದು, 'ಇದನ್ನ ಬಾಗಿಲಿನ ತಿರುಗಣಿಗೆ ಹಾಕ್ಕೋ' ಎಂದು ವಾಪಸು ಕೊಡುತ್ತಿದ್ದಳು.

ಒಂದು ವರ್ಷ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಅದು ಅವಳಿಗೆ ತಿಳಿದದ್ದು ಹಾಲು ಸೀದಾಗ. ಅವಳು ಒಲೆಯ ಪಕ್ಕದಲ್ಲೇ ಬಟಾಣಿ ಸುಲಿಯುತ್ತ ಕೂತಿದ್ದಳು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಅಮ್ಮ ಮೂಗು ಮುಚ್ಚಿಕೊಂಡು ಒಳಗೆ ಓಡಿಬಂದರು.

'ಮನೆಯೆಲ್ಲ ಸೀದ ವಾಸನೆ. ನಿನಗೆ ಗೊತ್ತಾಗಲಿಲ್ವೇನೇ?'

'ನೆಗಡಿ ಅಮ್ಮ' ಎಂದಳು. ನೆಗಡಿ ಇರಲಿಲ್ಲ.

ಡಾಕ್ಟರು, ವಾಸನೆ ಮರಳಿ ಬಂದರೂ ಬರಬಹುದು, ತಿಂಗಳುಗಟ್ಟಲೆ ಹಿಡಿಯಬಹುದು, ಪೂರ್ತಿ ಬರದೆಯೂ ಹೋಗಬಹುದು ಎಂದರು. ಮನೆಗೆ ಬಂದು ಅವಳು ಅಮ್ಮನ ಕೈ ಹಿಡಿದುಕೊಂಡಳು. 'ತಮ್ಮನಿಗೆ ಹೇಳಬೇಡ.'

'ಅವನೇನು ಪರಕೀಯನಾ? ಒಡಹುಟ್ಟಿದವನು.'

'ಅದಕ್ಕೇ ಅಮ್ಮ. ಪರಕೀಯನಾದ್ರೆ ಬೇರೆ ಅಡುಗೆಯವಳನ್ನ ಹುಡುಕ್ಕೋತಾನೆ. ಇವನು ನನ್ನನ್ನ ಮನೇಲಿ ಕೂರಿಸಿ ಸಾಕ್ತಾನೆ. ಅದು ನನಗೆ ಬೇಡ.'

ಆಮೇಲೆ ಅವಳು ಕಣ್ಣು ಮತ್ತು ಕಿವಿಯಿಂದ ಅಡುಗೆ ಮಾಡಲು ಕಲಿತಳು. ಈರುಳ್ಳಿಯ ಬಣ್ಣ ನೋಡುತ್ತಿದ್ದಳು, ಬಾಣಲೆಯ ಸದ್ದು ಕೇಳುತ್ತಿದ್ದಳು. ಬೆಟ್ಟಕ್ಕೆ ಹೊರಡುವ ಮುಂಚೆ ಎಣ್ಣೆಯನ್ನು ಅಮ್ಮನ ಮೂಗಿಗೆ ಹಿಡಿಯುತ್ತಿದ್ದಳು. ಒಂದು ಪ್ರವಾಸ ಹೀಗೇ ಮುಗಿಯಿತು. ಯಾರಿಗೂ ಏನೂ ತಿಳಿಯಲಿಲ್ಲ. ಅವಳಿಗೂ ಧೈರ್ಯ ಬಂತು.

ಮುಂದಿನ ಗುಂಪಿನಲ್ಲಿ ಐದು ಜನ ಇದ್ದರು. ಅವರಲ್ಲಿ ಹಳೆಯ ಪರಿಚಯದವರೆಂದರೆ ಒಬ್ಬ ದರ್ಜಿ, ಅವನ ಹೆಂಡತಿ ಮತ್ತು ಶಾಲೆಯ ಟೀಚರೊಬ್ಬರು. ದರ್ಜಿ ಒಳ್ಳೆಯ ಮನುಷ್ಯ, ಆದರೆ ತಟ್ಟೆಯ ಮುಂದೆ ಕೂತರೆ ಅವನ ಹೊಲಿಗೆ ಯಂತ್ರದಷ್ಟೇ ಅವಸರ. 'ಅಗಿಯೋದಕ್ಕೂ ಕೂಲಿ ಕೊಡಬೇಕಾ ನಿಮಗೆ?' ಎಂದು ಹೆಂಡತಿ ಗದರುತ್ತಲೇ ಇರುತ್ತಿದ್ದಳು.

ಎರಡನೆಯ ದಿನ ಬಂಡೆಗಳ ಮೇಲೆ ತಮ್ಮ ಜಾರಿ ಬಿದ್ದ. ಅವನಿಗೇನೂ ಆಗಲಿಲ್ಲ. ಆದರೆ ಸ್ಟೌವಿಗೆಂದು ತಂದಿದ್ದ ಸೀಮೆಎಣ್ಣೆಯ ಬಾಟಲಿಯ ಕತ್ತು ಸೀಳಿ ಸೋರತೊಡಗಿತು. ಡೇರೆ ಹಾಕುವ ಜಾಗಕ್ಕೆ ಬಂದಾಗ ಅಕ್ಕ ನೀರು ತರಲು ತೊರೆಗೆ ಇಳಿದಿದ್ದಳು. ಹಿಂದಿನ ದಿನ ಖಾಲಿಯಾದ ಅವಳ ಎಣ್ಣೆ ಬಾಟಲಿ ಪಾತ್ರೆಗಳ ಜೊತೆಗಿತ್ತು. ಉಳಿದ ಸೀಮೆಎಣ್ಣೆಯನ್ನು ತಮ್ಮ ಅದಕ್ಕೆ ಬಗ್ಗಿಸಿ ಸ್ಟೌವಿನ ಪಕ್ಕದಲ್ಲಿಟ್ಟ. ಅಕ್ಕ ಬಂದ ಕೂಡಲೇ ಹೇಳಬೇಕೆಂದೇ ಇದ್ದ. ಅಷ್ಟರಲ್ಲಿ ಗಾಳಿಗೆ ಡೇರೆಯ ಹಗ್ಗ ಕಿತ್ತುಕೊಂಡು ಹಾರಿತು, ಅವನು ಅದರ ಹಿಂದೆ ಓಡಿದ. ಆಮೇಲೆ ಅವನಿಗೆ ಅದು ಅವಸರದ ಮಾತು ಅನ್ನಿಸಲಿಲ್ಲ. ಸೀಮೆಎಣ್ಣೆಯನ್ನು ಮೂಗಿರುವ ಯಾರು ತಾನೇ ಗುರುತಿಸುವುದಿಲ್ಲ?

ಸಂಜೆ ಮಬ್ಬಾಗಿತ್ತು. ಪಾತ್ರೆ ಇಳಿಸಿದ ಅಕ್ಕ, ಎರಡನೆಯ ಬಾಟಲಿಯನ್ನು ತಾನೇ ತೆಗೆದಿಟ್ಟಿರಬೇಕು ಎಂದುಕೊಂಡು ಪಕ್ಕದಲ್ಲಿದ್ದುದನ್ನು ಎತ್ತಿಕೊಂಡಳು. ಚಮಚಕ್ಕೆ ಬಗ್ಗಿಸಿದಾಗ ಅದು ನೀರಿನ ಹಾಗೆ ಹರಿಯಿತು. ಅವಳ ಕೈ ನಿಂತಿತು. ಇಂಥ ಚಳಿಯಲ್ಲಿ ಎಣ್ಣೆ ಇನ್ನೂ ನಿಧಾನವಾಗಬೇಕಲ್ಲ? ಚಮಚವನ್ನು ಮೂಗಿನ ಹತ್ತಿರ ತಂದಳು. ಏನೂ ಇಲ್ಲ. ತಮ್ಮ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಗೂಟ ಬಡಿಯುತ್ತಿದ್ದ. 'ಇದೇನು ನೋಡೋ' ಎಂದಿದ್ದರೆ ಸಾಕಾಗಿತ್ತು. ಆದರೆ ಅವನು 'ಮೂಸಿ ನೋಡಕ್ಕಾ' ಎನ್ನುತ್ತಿದ್ದ. ಆಮೇಲೆ ಅವಳು ಏನು ಹೇಳಬೇಕಿತ್ತು? ಸ್ಟೌವಿನ ಕಾವಿಗೆ ತೆಳುವಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡು, ಲೆಕ್ಕದ ಚಮಚಗಳನ್ನು ಹಾಕಿ ಕಲಸಿ, ಬಡಿಸಿಬಿಟ್ಟಳು.

ದರ್ಜಿ ಮೂರು ತುತ್ತು ನುಂಗಿ ಆಗಿತ್ತು. ನಾಲ್ಕನೆಯದು ಬಾಯಲ್ಲಿರುವಾಗ ಅವನಿಗೆ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ಟೀಚರು ತಟ್ಟೆಯನ್ನು ಮುಖದ ಹತ್ತಿರ ತಂದವರೇ ದೂರ ಹಿಡಿದರು. 'ಯಾರೂ ತಿನ್ನಬೇಡಿ. ಇದರಲ್ಲಿ ಸೀಮೆಎಣ್ಣೆ ಇದೆ.'

ತಮ್ಮ ಡೇರೆಯಿಂದ ಓಡಿಬಂದ. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳು ಗಾಳಿಗೆ ಮರೆಯಾಗಿ ಬಂಡೆಗೊರಗಿ ಕೂತು ಊಟ ಮಾಡುತ್ತಿದ್ದಳು. ನಾಲಿಗೆ ಸ್ವಲ್ಪ ಉರಿಯುತ್ತಿತ್ತು, ಖಾರ ಹೆಚ್ಚಾಗಿರಬೇಕು ಎಂದುಕೊಂಡಿದ್ದಳು. ಗಾಳಿಯ ಸದ್ದಿನಲ್ಲಿ ಟೀಚರ ಮಾತು ಅವಳಿಗೆ ಕೇಳಿಸಿರಲಿಲ್ಲ.

ತಮ್ಮ ಅವಳ ತಟ್ಟೆ ಕಸಿದುಕೊಂಡು ಮೂಸಿದ. 'ಅಕ್ಕಾ, ಇದನ್ನ ಹೇಗೆ ತಿಂತಾ ಇದ್ದೀಯ?'

ಅವಳು ಅವನ ಮುಖ ನೋಡಿದಳು, ಕೆಮ್ಮುತ್ತಿದ್ದ ದರ್ಜಿಯನ್ನು ನೋಡಿದಳು. 'ನನಗೆ ವಾಸನೆ ಬರಲ್ಲ ಕಣೋ' ಎಂದಳು. 'ಜ್ವರ ಬಂದಾಗಿಂದ.'

ದರ್ಜಿಯ ಹೆಂಡತಿ ವಾಂತಿ ಮಾಡಿಸಲು ಉಪ್ಪುನೀರು ಕಲಸುತ್ತಿದ್ದಳು. ಟೀಚರು ಬೇಡವೆಂದು ತಡೆದರು, ಸೀಮೆಎಣ್ಣೆ ಮೇಲೆ ಬರುವಾಗ ಪುಪ್ಪುಸಕ್ಕೆ ಹೋದರೆ ಇನ್ನೂ ಕಷ್ಟ ಎಂದರು. ಆದರೆ ಕೆಮ್ಮಿ ಕೆಮ್ಮಿ ಅವನಿಗೆ ತಾನಾಗಿಯೇ ವಾಂತಿಯಾಯಿತು. ಬೆಳಗಾಗುವ ಹೊತ್ತಿಗೆ ಜ್ವರ, ಉಸಿರು ಮೇಲಕ್ಕೆಳೆಯುತ್ತಿತ್ತು. ತಮ್ಮ ಅವನನ್ನು ತೋಳಲ್ಲಿ ಆತುಕೊಂಡು ಇಳಿದ. ಅಕ್ಕ ತನ್ನ ಚೀಲದ ಮೇಲೆ ದರ್ಜಿಯ ಚೀಲವನ್ನೂ ಹೇರಿಕೊಂಡು ಎಲ್ಲರಿಗಿಂತ ಹಿಂದೆ ನಡೆದಳು. ದಾರಿಯುದ್ದಕ್ಕೂ ಯಾರೂ ಅವಳನ್ನು ಮಾತಾಡಿಸಲಿಲ್ಲ.

ಆಸ್ಪತ್ರೆಯಲ್ಲಿ ದರ್ಜಿಗೆ ಆಮ್ಲಜನಕ ಕೊಟ್ಟರು. ಪುಪ್ಪುಸ ಊದಿಕೊಂಡಿತ್ತು. ಅವನು ಬದುಕಿದ, ಆದರೆ ಕೆಮ್ಮು ಜೊತೆಯಲ್ಲೇ ಉಳಿಯಿತು. ಯಂತ್ರದ ಮೇಲೆ ಬಗ್ಗಿ ಹೊತ್ತುಗಟ್ಟಲೆ ಹೊಲಿಯುವುದು ಕಷ್ಟವಾಯಿತು. ಎಣ್ಣೆಯಕ್ಕನಿಗೆ ಒಂದೆರಡು ದಿನ ಹೊಟ್ಟೆ ಉರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಅದೇ ಅವಳನ್ನು ಹೆಚ್ಚು ಸುಡುತ್ತಿತ್ತು.

ತಮ್ಮ ಊರಿಗೆಲ್ಲ ತಪ್ಪು ತನ್ನದೆಂದೇ ಹೇಳಿಕೊಂಡು ಬಂದ. 'ಸೀಮೆಎಣ್ಣೆನ ಅಡುಗೆ ಬಾಟಲಿಗೆ ಹಾಕಿದ್ದು ನಾನು' ಎನ್ನುತ್ತಿದ್ದ. ಮನೆಯಲ್ಲಿ ಮಾತ್ರ ಅಕ್ಕನ ಜೊತೆ ಮಾತಿಲ್ಲ. ಕೊನೆಗೊಂದು ದಿನ ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದ, 'ನನ್ನ ಹತ್ರ ಹೇಳಿದ್ರೆ ನಿನ್ನನ್ನ ಕೈಬಿಡ್ತಿದ್ನಾ?'

'ಕೈಬಿಡ್ತಿರಲಿಲ್ಲ. ಸೌಟು ಬಿಡಿಸ್ತಿದ್ದೆ.'

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, 'ನನಗೂ ಗೊತ್ತಿತ್ತು ಕಣಪ್ಪ. ಬೈಯೋದಾದ್ರೆ ನನ್ನನ್ನೂ ಸೇರಿಸಿ ಬೈ' ಎಂದರು.

ದರ್ಜಿ ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ಅವನ ಮನೆಗೆ ಹೋದಳು. ಅಂಗಡಿಯೂ ಮನೆಯೂ ಒಂದೇ ಕೋಣೆ. ಅರ್ಧ ಹೊಲಿದ ಅಂಗಿಗಳು ಮೊಳೆಗಳಲ್ಲಿ ನೇತಾಡುತ್ತಿದ್ದವು, ಯಂತ್ರದ ಮುಂದೆ ಅವನ ಹೆಂಡತಿ ಕೂತಿದ್ದಳು. ದರ್ಜಿ ಮಂಚದ ಮೇಲಿಂದಲೇ, 'ಬನ್ನಿ ಅಕ್ಕಾ. ನನ್ನ ಅವಸರದ್ದೂ ಸ್ವಲ್ಪ ಪಾಲಿದೆ ಬಿಡಿ' ಎಂದ. ಅಷ್ಟು ಹೇಳುವುದರಲ್ಲೇ ಕೆಮ್ಮಿದ.

ಅವನ ಹೆಂಡತಿ ಯಂತ್ರ ನಿಲ್ಲಿಸಿದಳು. 'ಮೂಗು ಹೋಗಿದ್ದಕ್ಕೆ ನಾನು ನಿಮ್ಮನ್ನ ಏನೂ ಅನ್ನಲ್ಲ. ಅದು ಯಾರ ಕೈಲಿದೆ? ಆದ್ರೆ ಬಾಯಿತ್ತಲ್ಲ ನಿಮಗೆ?'

ಅಕ್ಕ ತಲೆತಗ್ಗಿಸಿ ನಿಂತಳು. 'ಇತ್ತು' ಎಂದಳು. ಕೂತುಕೊಳ್ಳಿ ಎಂದು ಆ ಹೆಂಗಸು ಹೇಳಲಿಲ್ಲ. ಅಕ್ಕ ಹೊರಟುಬಂದಳು.

ಆ ವರ್ಷದ ಉಳಿದ ಪ್ರವಾಸಗಳನ್ನು ತಮ್ಮನು ಅಡುಗೆಯಿಲ್ಲದೆ, ಬಿಸಿನೀರು ಹಾಕಿದರೆ ಸಾಕಾಗುವ ಪೊಟ್ಟಣಗಳನ್ನು ಹೊತ್ತು ನಡೆಸಿದ. ನಡೆಯುವವರು ಹಸಿವಿನಿಂದ ಗೊಣಗಿದರು. ಮುಂದಿನ ವರ್ಷ ಹೊರಡುವ ಮುಂಚೆ ಅವನು ಸೀಮೆಎಣ್ಣೆಗೆಂದು ಕೆಂಪು ಬಣ್ಣದ ತಗಡಿನ ಬಾಟಲಿ ತಂದು ತನ್ನ ಚೀಲದ ಹೊರಗೆ ಕಟ್ಟಿದ. ಆಮೇಲೆ ಅಕ್ಕನ ಹತ್ತಿರ ಬಂದು, 'ಬರ್ತೀಯಾ?' ಎಂದ.

'ಬರ್ತೀನಿ. ಆದ್ರೆ ಮೊದಲು ಎಲ್ಲರ ಮುಂದೆ ಹೇಳ್ತೀನಿ.'

ಬಸ್ ನಿಲ್ದಾಣದಲ್ಲಿ ಗುಂಪು ಸೇರಿದಾಗ ಹೇಳಿದಳು: 'ನಾನು ಅಡುಗೆಯವಳು. ನನಗೆ ವಾಸನೆ ಬರಲ್ಲ. ಹೋದ ವರ್ಷ ಅದನ್ನ ಮುಚ್ಚಿಟ್ಟು ಒಬ್ಬರ ಜೀವಕ್ಕೆ ಕುತ್ತು ತಂದಿದ್ದೆ. ಎಣ್ಣೆ ಹಾಕೋ ಮುಂಚೆ ನಿಮ್ಮಲ್ಲಿ ಒಬ್ಬರು ಮೂಸಿ ಹೇಳಬೇಕು.' ಒಬ್ಬ ಯುವಕ ನಕ್ಕ, ಉಳಿದವರು ನಗದ್ದು ನೋಡಿ ಸುಮ್ಮನಾದ. ಗಂಡ ಹೆಂಡತಿ ಇಬ್ಬರು ಪಿಸುಗುಟ್ಟಿಕೊಂಡು ಪಕ್ಕದ ಅಂಗಡಿಯಿಂದ ಬ್ರೆಡ್ಡು ತಂದು ಚೀಲಕ್ಕೆ ತುಂಬಿಕೊಂಡರು.

ಆ ಸಂಜೆ, ಈ ಸಲವೂ ಗುಂಪಿನಲ್ಲಿದ್ದ ಟೀಚರು ಎದ್ದು ಬಂದು ಚಮಚವನ್ನು ಮೂಸಿ, 'ಸರಿ ಇದೆ, ಹಾಕಿ' ಎಂದರು. ಗಂಡ ಹೆಂಡತಿ ಕೊನೆಯ ದಿನದವರೆಗೂ ತಮ್ಮ ಬ್ರೆಡ್ಡನ್ನೇ ತಿಂದರು. ಅಕ್ಕ ಒಂದು ದಿನವೂ ಒತ್ತಾಯ ಮಾಡಲಿಲ್ಲ. ಆದರೆ ಅಕ್ಕಿ ಅಳೆಯುವಾಗ ಅವರ ಪಾಲನ್ನೂ ಸೇರಿಸಿಯೇ ಅಳೆಯುತ್ತಿದ್ದಳು. ಉಳಿದದ್ದನ್ನು ತಮ್ಮ ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದ.