ಚಿನ್ನಕ್ಕನ ಚಿಮಟ

ಹಿಂದೂಪುರದಲ್ಲಿ ನಲವತ್ತು ವರ್ಷ ಮಗ್ಗದ ಮುಂದೆ ಕೂತ ಚಿನ್ನಕ್ಕನ ಓದು ಮೂರನೇ ಕ್ಲಾಸಿಗೇ ನಿಂತಿತ್ತು. ಆದರೂ ಮಗಳು ಶೋಭಾರಾಣಿ ತಾನು ಸಂಶೋಧಿಸುವ ಲೋಹದ ಸಂಗತಿ ತೆಗೆದರೆ ಲಾಳಿ ನಿಲ್ಲಿಸಿ ಕೇಳುತ್ತಿದ್ದಳು. ಮಗಳು ಕಲ್ಯಾಣದುರ್ಗದ ಕಾಲೇಜಿನಲ್ಲಿ ಪಾಠ ಹೇಳುತ್ತಾ, ರಜೆಯಲ್ಲೆಲ್ಲ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಿ, ಎಂಟು ವರ್ಷದಿಂದ ಪಿಎಚ್‌ಡಿಗೆ ದುಡಿಯುತ್ತಿದ್ದಳು.

ಸೀರಿಯಂ ಬೆರೆತ ಆ ಲೋಹದೊಳಗೆ ಸೀರಿಯಂನ ಒಂದೊಂದು ಪರಮಾಣುವೂ ಪುಟ್ಟ ಅಯಸ್ಕಾಂತವಂತೆ. ತೀರಾ ತಣ್ಣಗಾದರೆ ಓಡಾಡುವ ಎಲೆಕ್ಟ್ರಾನುಗಳು ಅವಕ್ಕೆ ತೊಡರಿಕೊಂಡು, ನೂರಾರು ಪಟ್ಟು ಭಾರವಾದಂತೆ ಹೆಜ್ಜೆ ಇಡುತ್ತವಂತೆ. ಅಯಸ್ಕಾಂತಗಳ ಸೆಳೆತವೂ ಅಡಗುತ್ತದಂತೆ.

"ಗಂಜಿ ಆರದ ಹಾಸಿನ ಎಳೆಗಳ ನಡುವೆ ಲಾಳಿ ಹೋದಂಗೆ ಅನ್ನು," ಎಂದಿದ್ದಳು ಚಿನ್ನಕ್ಕ. "ಲಾಳಿ ತೂಕ ಅಷ್ಟೇ ಇರ್ತದೆ, ಕೈಗೆ ಮಾತ್ರ ಭಾರ."

ಆದರೆ ಶೋಭಾಳ ಲೋಹದಲ್ಲಿ ಸೆಳೆತ ಅಡಗಿರಲಿಲ್ಲ. ಯಾರಿಗೂ ಕಾಣದ್ದು ಕಂಡಿತೆಂದು ಅವಳು ಬರೆದ ಲೇಖನ ಅಚ್ಚಿಗೆ ಒಪ್ಪಿಗೆಯಾಗಿತ್ತು. ಪದವಿ ನಿಂತಿದ್ದೂ ಅದರ ಮೇಲೆಯೇ.

ಒಂದು ಶನಿವಾರ ಬಸ್ಸಿಳಿದು ಬಂದ ಶೋಭಾ ಮುದ್ದೆ ಮುಟ್ಟದೆ ಮಗ್ಗದ ಪಕ್ಕ ಕೂತಳು. ಚಿನ್ನಕ್ಕ ಗೇಣುದ್ದ ಬಟ್ಟೆ ನೇಯುವಷ್ಟರಲ್ಲಿ ಮಗಳ ಮಾತು ತಾನೇ ಹೊರಬಂತು. ಎಳ್ಳಿನಷ್ಟು ಲೋಹದ ಹರಳನ್ನು ಹಿಡಿಯಲು ಪ್ರಯೋಗಾಲಯದ ಪ್ಲಾಸ್ಟಿಕ್ ಚಿಮಟ ಅವಳ ಕೈಗೆ ಕೂರಲಿಲ್ಲ. ಚಿಕ್ಕಂದಿನಿಂದ ತಾನು ಸೀರೆಯ ಗಂಟು ಕೀಳುತ್ತಿದ್ದ ಅಮ್ಮನ ಉಕ್ಕಿನ ಚಿಮಟವನ್ನೇ ಬಳಸಿದ್ದಳು. ಅದರ ತುದಿ ಸವೆದು ಹರಳಿಗೆ ಕಬ್ಬಿಣದ ಪುಡಿ ಹತ್ತಿತ್ತು. ಮೊನ್ನೆ ಹರಳನ್ನು ಆಸಿಡ್‌ನಲ್ಲಿ ತೊಳೆದು ಅಳೆದರೆ ಸೆಳೆತವೇ ಇಲ್ಲ; ಮೊದಲು ಕಂಡದ್ದು ಆ ಕಬ್ಬಿಣದ ಸೆಳೆತ.

ಚಿಮಟ ಕೊಟ್ಟವಳೂ, ತುದಿಗೆ ಸಾಣೆ ಹಿಡಿದವಳೂ ಚಿನ್ನಕ್ಕನೇ. ಅವಳು ಲಾಳಿ ಕೆಳಗಿಟ್ಟು ಕೇಳಿದಳು.

"ಯಾರಿಗ್ಗೊತ್ತು?"

"ನನಗೊಬ್ಬಳಿಗೆ. ಸುಮ್ಕಿದ್ರೆ ಪದವಿ ಬತ್ತದೆ. ಹೇಳಿದ್ರೆ ಮೊದ್ಲಿಂದ, ಇನ್ನೂ ಮೂರ್ವರ್ಷ."

ಚಿನ್ನಕ್ಕ ಯಾರಿಗೂ ಹೇಳದಿದ್ದ ಒಂದು ಸಂಗತಿ ಹೇಳಿದಳು. ಹಿಂದೊಮ್ಮೆ ಲೇಪಾಕ್ಷಿಯ ಮದುವೆಯೊಂದಕ್ಕೆ ಸೀರೆ ಕೊಡುವಾಗ, ಎಳೆ ತಪ್ಪಿದ ಕಡೆಯನ್ನು ಒಳಮಡಿಕೆಗೆ ಹಾಕಿ ಕೊಟ್ಟಿದ್ದಳು. ಆ ಮನೆಯವರು ಏನೂ ಕೇಳಲಿಲ್ಲ. ಆದರೂ ಆ ಸೀರೆ ಉಟ್ಟ ಹೆಣ್ಣುಮಗಳು ಎದುರಾದರೆ ಇವತ್ತಿಗೂ ಕಣ್ಣು ಅವಳ ಸೆರಗಿಗೇ ಹೋಗುತ್ತದೆ.

"ಬರ್ದಾಕು ಕಣಮ್ಮ," ಎಂದಳು. "ಚಿಮಟ ನಮ್ಮಮ್ಮಂದು ಅಂತಾನೂ ಬರಿ."

ಶೋಭಾ ಅಲ್ಲೇ ಕೂತು ಫೋನಿನಲ್ಲಿ ತನ್ನ ಗೈಡಿಗೆ ನಡೆದದ್ದನ್ನೆಲ್ಲ ಬರೆದಳು. ಲೇಖನ ನಿಲ್ಲಿಸಬೇಕೆಂದು ಕೇಳಿಕೊಂಡಳು. ಅಮ್ಮನ ಹೆಸರು ಹಾಕಲಿಲ್ಲ. ಕಳಿಸಿದ ಮೇಲೆ ಚೀಲದಿಂದ ಚಿಮಟ ತೆಗೆದು ಅಮ್ಮನ ಮುಂದಿಟ್ಟಳು.

ಚಿನ್ನಕ್ಕ ಅದನ್ನು ಮಗ್ಗದ ಮೊಳೆಗೆ ಮೊದಲಿನಂತೆ ತೂಗುಹಾಕಿ, ತಟ್ಟೆಗೆ ಮುದ್ದೆ ಬಡಿಸಿದಳು.

"ಉಣ್ಣು. ಆ ಪ್ಲಾಸ್ಟಿಕ್ ಚಿಮಟಕ್ಕೇ ಇನ್ಮೇಲೆ ಕೈ ಕೂರಿಸ್ಕೋ."