ಮುಳ್ಳಿನ ಮೇಲೆ ಹೊರಿಸಿದ ತಪ್ಪು

ನಮ್ಮ ಸಿಸ್ಟರಮ್ಮನ ಬೆರಳ ತುದಿಗಳಲ್ಲಿ ಸದಾ ಒಂದೆರಡು ಮುಳ್ಳು ಮುರಿದು ಕೂತಿರುತ್ತಿದ್ದವು. ಸಂಜೆ ಮೆಟ್ಟಿಲ ಮೇಲೆ ಕೂತು, ಉರಿಗೆ ಹಿಡಿದು ತಂದ ಸೂಜಿಯಿಂದ ಅವನ್ನು ಎಬ್ಬಿಸುವಾಗ ಮುಖ ಒಂದಿಷ್ಟೂ ಕಿವುಚುತ್ತಿರಲಿಲ್ಲ. ಸಿರುಗುಪ್ಪದ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಬಳ್ಳಾರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಹಡಿಗೆ ಒಬ್ಬರೇ ಬಂದರು. ಅವರ ಹಿಂದೆ ನಲವತ್ತು ಕುಂಡಗಳು ಬಂದವು: ಲೋಳಸರ, ಕಳ್ಳಿ, ದಪ್ಪ ಎಲೆಗಳನ್ನು ಗುಲಾಬಿಯಂತೆ ಸುತ್ತಿಕೊಂಡ ಸಕ್ಯುಲೆಂಟ್‌ಗಳು.

ಅವರ ಸಿಟ್ಟು ಓಣಿಗೆಲ್ಲ ಗೊತ್ತು. ನನಗೆ ಯಾರೋ ಉಡುಗೊರೆ ಕೊಟ್ಟ ಸಕ್ಯುಲೆಂಟಿಗೆ ದಿನಾ ನೀರು ಹಾಕಿ, ಬುಡ ಮೆತ್ತಗಾದ ಮೇಲೆ ಅವರ ಬಳಿ ಒಯ್ದೆ. ಕುಂಡದ ಮಣ್ಣಿನ ಮೇಲೆ ಅಂಗಡಿಯವರು ಬಣ್ಣದ ಹರಳುಗಳನ್ನು ಗೋಂದಿನಿಂದ ಅಂಟಿಸಿದ್ದರು.

"ಉಸಿರಾಡೋ ಜೀವಕ್ಕ ಗೋಂದು ಹಚ್ಯಾರಲ್ಲ, ಇವರ ಕೈ ಸೇದಿಹೋಗ!" ಎಂದು ಅಂಗಡಿಯವರನ್ನು ಬೈದು ನನ್ನ ಕಡೆ ತಿರುಗಿದರು. "ನೀನೇನು ಕಡಿಮಿ ಇಲ್ಲವ್ವ. ಪ್ರೀತಿ ಅಂತ ಮುಳುಗಿಸಿ ಕೊಲ್ಲಾಕ ಹತ್ತೀದಿ."

ಕುಂಡ ಬೋರಲು ಹಾಕಿ ಗಿಡ ಬಿಡಿಸಿದರು. ಕೊಳೆತ ಬೇರನ್ನು ಬ್ಲೇಡಿನಿಂದ ಕೊಯ್ದು, ಗಿಡವನ್ನು ಪೇಪರಿನ ಮೇಲೆ ನೆರಳಲ್ಲಿ ಮಲಗಿಸಿದರು. "ಗಾಯ ಒಣಗಲಿ. ಹಸಿ ಗಾಯ ಮಣ್ಣಾಗಿಟ್ರ ಮತ್ತ ಕೊಳೀತೈತಿ." ನಾಲ್ಕು ದಿನ ಬಿಟ್ಟು, ರಾರಾವಿ ಊರಿನಲ್ಲಿದ್ದ ತಮ್ಮನಿಂದ ತರಿಸಿದ್ದ ದಪ್ಪ ಮರಳಿಗೆ ಇಟ್ಟಿಗೆ ಚೂರು, ಒಂದು ಹಿಡಿ ಮಣ್ಣು ಬೆರೆಸಿ ನೆಟ್ಟುಕೊಟ್ಟರು.

ನಮ್ಮ ಪಕ್ಕದ ಭಾಗದಲ್ಲಿ ಮನೆ ಮಾಲೀಕರಿದ್ದರು. ಒಂದು ಮಧ್ಯಾಹ್ನ ಅವರ ಸೊಸೆಗೆ ನಾಲ್ಕು ತಿಂಗಳ ಬಸಿರು ಇಳಿದುಹೋಯಿತು. ರಕ್ತದಲ್ಲಿ ತೊಯ್ದ ಹುಡುಗಿಯನ್ನು ಆಟೋದಲ್ಲಿ ಮಡಿಲಿಗೆ ಹಾಕಿಕೊಂಡು ಆಸ್ಪತ್ರೆಗೆ ಒಯ್ದವರು ಸಿಸ್ಟರಮ್ಮನೇ. ವಾರದೊಳಗೆ ವಾಸ್ತು ನೋಡುವವನೊಬ್ಬ ಕುರುಗೋಡಿನಿಂದ ಬಂದು, ಮಹಡಿಯತ್ತ ಬೆರಳು ತೋರಿಸಿ ಹೋದ. ಮರುದಿನ ಸಿಸ್ಟರಮ್ಮ ಪೇಟೆಗೆ ಹೋದದ್ದನ್ನು ನೋಡಿಕೊಂಡು, ಮಾಲೀಕರ ಹೆಂಡತಿ ಇಬ್ಬರು ಆಳುಗಳನ್ನು ಕರೆಸಿ ಕುಂಡಗಳನ್ನೆಲ್ಲ ಮಹಡಿಯಿಂದ ಅಂಗಳಕ್ಕೆ ಎಸೆಸಿದರು. ನಾನು ಕಿಟಕಿಯಲ್ಲೇ ನಿಂತಿದ್ದೆ. ಬಾಡಿಗೆಯವಳು, ನನಗೇಕೆ ಎಂದುಕೊಂಡೆ. ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ.

ಸಿಸ್ಟರಮ್ಮ ಗೇಟು ದಾಟುತ್ತಲೇ ಮಾಲೀಕರ ಹೆಂಡತಿ ಶುರು ಮಾಡಿದರು: "ಮುಳ್ಳಿನ ಗಿಡ ಮನ್ಯಾಗಿದ್ರ ಬಸಿರು ನಿಲ್ಲಂಗಿಲ್ಲಂತ್ರೀ."

ಸಿಸ್ಟರಮ್ಮ ಚೀಲ ಕೆಳಗಿಟ್ಟರು. "ಹುಡುಗಿ ಮೈಯಾಗ ರಕ್ತ ಇಲ್ಲ, ಡಾಕ್ಟರಿಗೆ ತೋರಸ್ರಿ ಅಂತ ಎರಡು ತಿಂಗಳು ಬಡಕಂಡೆ. ಆವಾಗ ನಿಮಗ ಕಿವಿ ಇರಲಿಲ್ಲ. ಈಗ ತಪ್ಪು ಬಾಯಿಲ್ಲದ ಗಿಡದ ಮ್ಯಾಲೆ ಹಾಕ್ತೀರಿ. ನಾಳೆ ಆ ಹುಡುಗಿ ಮ್ಯಾಲೇ ಹಾಕ್ತೀರಿ. ನಾಚಿಕಿ ಆಗಂಗಿಲ್ಲೇನ್ರೀ?"

ಸುಡುಬಿಸಿಲಲ್ಲಿ ಅಂಗಳದ ನಡುವೆಯೇ ಕೂತು, ಚೂರುಗಳ ಕೆಳಗಿನಿಂದ ಒಂದೊಂದೇ ಗಿಡ ಎತ್ತಿ, ಮುರಿದ ಬೇರು ಕೊಯ್ದು ಸಾಲಾಗಿ ಇಡತೊಡಗಿದರು. ನಾನು ಹೊರಬರುವಷ್ಟರಲ್ಲಿ ಸೊಸೆ ಗೋಡೆ ಹಿಡಿದುಕೊಂಡು ಬಂದಿದ್ದಳು. "ಲೇ, ಒಳಗ ಬಾ!" ಎಂದು ಅತ್ತೆ ಕೂಗಿದರು. ಅವಳು ತಿರುಗಲಿಲ್ಲ. ಸಿಸ್ಟರಮ್ಮನ ಎದುರು ಕುಕ್ಕರಿಸಿ, "ಒಂದು ನನಗ ಕೊಡ್ರೀ. ನನ್ನ ಖೋಲಿ ಕಿಟಕ್ಯಾಗ ಇಟ್ಕೊಂತೀನಿ," ಎಂದಳು.

ಸಿಸ್ಟರಮ್ಮ ಆಗ ಮಾತ್ರ ಅತ್ತರು.

ತಿಂಗಳು ತುಂಬುವ ಮೊದಲೇ ಮಾಲೀಕರು ಸಿಸ್ಟರಮ್ಮನಿಂದ ಮಹಡಿ ಖಾಲಿ ಮಾಡಿಸಿದರು. ಉಳಿದ ಹದಿನೇಳು ಗಿಡಗಳೊಂದಿಗೆ ಅವರು ಬಾದನಹಟ್ಟಿಯ ಅಕ್ಕನ ಮನೆ ಸೇರಿದರು. ಅಲ್ಲಿಂದಲೂ ಬಸ್ಸಿನಲ್ಲಿ ಬಂದು ಸೊಸೆಯನ್ನು ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು. ಗೇಟಿನೊಳಗೆ ಮಾತ್ರ ಕಾಲಿಡಲಿಲ್ಲ; ಓಣಿಯ ತುದಿಯಲ್ಲಿ ನಿಂತು ಕಾಯುತ್ತಿದ್ದರು.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣಿಗೆಂದು ಬಾದನಹಟ್ಟಿಗೆ ನಾನು ಹೋದಾಗ ಮಾಲೀಕರ ಹೆಂಡತಿಯೂ ಬಂದಿದ್ದರು. ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ, "ಪುಣ್ಯವಂತಿ. ಯಾರೂ ಆಕಿ ಮನಸ್ಸು ನೋಯಿಸಿದ್ದಿಲ್ಲ," ಎಂದರು.

"ನೀವು ನೋಯಿಸಿದ್ರಿ," ಎಂದೆ, ಕೂತ ಹೆಂಗಸರೆಲ್ಲ ಕೇಳುವಂತೆ. "ನಾನು ನೋಡಿಕೋತ ನಿಂತಿದ್ದೆ."

ಸಿಸ್ಟರಮ್ಮ ಬದುಕಿದ್ದಾಗ, ಆ ಅಂಗಳದಲ್ಲೇ ನಾನು ಆಡಬೇಕಿದ್ದ ಮಾತು.