ಹೂ ಬಿಟ್ಟಿತು ಎನ್ನಬಾರದ ಬಿದಿರು

ನಮ್ಮ ಮನೆಯಲ್ಲಿ ‘ಹೂ ಬಿಟ್ಟಿತು’ ಎಂಬುದು ಬಾಯಿ ತುಂಬಾ ಹೇಳುವ ಮಾತು. ಅಬ್ಬಲಿಗೆ ಹೂ ಬಿಟ್ಟಿತು ಅಂದರೆ ಅಮ್ಮನ ಜಡೆಗೆ ಆಯಿತು. ಮಾವು ಹೂ ಬಿಟ್ಟಿತು ಅಂದರೆ ಉಪ್ಪಿನಕಾಯಿಯ ಭರಣಿ ತೊಳೆದಿಡುವ ಕಾಲ ಬಂತು. ಸೌತೆಬಳ್ಳಿ ಹೂ ಬಿಟ್ಟರೆ ಆ ಕಡೆ ಬೆರಳು ತೋರಿಸಬಾರದು, ಮಿಡಿ ಕೊಳೆಯುತ್ತದೆ. ಬಿದಿರಿಗೆ ಮಾತ್ರ ಆ ಮಾತೇ ಇಲ್ಲ. ಹೂ ಬಿಟ್ಟ ಬಿದಿರಿನ ಮೆಳೆ ಇಡೀ ಒಣಗಿ ಸಾಯುತ್ತದೆ, ಜೊತೆಗೆ ಮನೆಗೂ ಕೇಡು ಎಂದು ಅಜ್ಜಿಯ ನಂಬಿಕೆ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಗೆಯಲ್ಲಿ ನೆರಿಯ ಎಂಬ ಊರಿನ ನಮ್ಮ ಅಂಗಳದಾಚೆಯ ಮೆಳೆಯ ತುಂಬ ಹೂವಾದಾಗ ನಾವೆಲ್ಲ, ಯಾರೋ ನೆಂಟರ ವಿಷಯ ಹೇಳುವ ಹಾಗೆ, “ಬಿದಿರಿಗೆ ಸ್ವಲ್ಪ ಸೌಖ್ಯ ಇಲ್ಲ” ಎನ್ನುತ್ತಿದ್ದೆವು.

ಅದೇ ವಾರ ಅಪ್ಪನ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ನೋಡಲು ಬೆಳುವಾಯಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಮೊದಲು ಬಂದ ಸಂಬಂಧಗಳು ಜಾತಕದ ಹೆಸರಲ್ಲಿ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಮತ್ತೆ ಯಾರೂ ಬರಲಿಕ್ಕಿಲ್ಲ ಎಂದು ಅಜ್ಜಿಗೆ ಚಿಂತೆ.

“ಒಂದು ತಟ್ಟಿ ಕಟ್ಟು ಮಗಾ, ಅವರಿಗೆ ಕಾಣಬಾರದು.”

ಅಪ್ಪ ತೆಂಗಿನ ಮಡಲಿನ ತಟ್ಟಿ ಕಟ್ಟಿದರು. ತಟ್ಟಿ ಆಳೆತ್ತರ, ಬಿದಿರು ತೆಂಗಿನ ಮರದೆತ್ತರ.

“ಅವರು ಮೇಲೆ ನೋಡಿದರೆ?” ಎಂದು ಅತ್ತೆ ಕೇಳಿದರು.

“ಹೆಣ್ಣು ನೋಡಲಿಕ್ಕೆ ಬಂದವರು ಆಕಾಶ ಯಾಕೆ ನೋಡ್ತಾರೆ?” ಅಂದರು ಅಜ್ಜಿ.

ಬಂದವರನ್ನು ಜಗಲಿಯಲ್ಲಿ ಕೂರಿಸಿ ಅವಲಕ್ಕಿ, ಚಾ ಕೊಟ್ಟಾಯಿತು. ಒಂದು ಗಾಳಿ ಬೀಸಿದ್ದೇ ಹೊಟ್ಟಿನಂಥ ಬಿದಿರಿನ ಹೂ ಹುಡುಗನ ತಾಯಿಯ ತಟ್ಟೆಗೇ ಬಂದು ಬಿತ್ತು. ಅವರು ಹೆಕ್ಕಿ ನೋಡಿದರು, ಮತ್ತೆ ಮೇಲೆ ನೋಡಿದರು. ಅಜ್ಜಿ ಗಡಬಡಿಸಿ ಬೇರೆ ತಟ್ಟೆ ತರಲು ಎದ್ದರು.

“ಅಕ್ಕಾ,” ಹುಡುಗನ ತಾಯಿ ದನಿ ತಗ್ಗಿಸಿದರು, “ನಿಮ್ಮಲ್ಲಿಯೂ ಬಿದಿರಿಗೆ ಹುಷಾರಿಲ್ಲವಾ?”

“ನಿಮ್ಮಲ್ಲಿಯೂ ಅಂದರೆ?”

“ನಮ್ಮ ಮನೆಯ ಹಿಂದೆಯೂ ಹಾಗೆಯೇ ಉಂಟು. ನೀವು ಮನೆ ನೋಡಲಿಕ್ಕೆ ಬರುವ ಮೊದಲು ಕಡಿಸಿ ಹಾಕುವ ಅಂತ ಇದ್ದೆವು.”

ಕೇಡು ಎರಡೂ ಕಡೆ ಇದ್ದ ಮೇಲೆ ಯಾರದ್ದು ಯಾರಿಗೆ ತಾಗುವುದು ಎಂದು ಹಿರಿಯರಿಬ್ಬರೂ ಬಹಳ ಗಂಭೀರವಾಗಿ ಯೋಚಿಸತೊಡಗಿದರು. ಆಗ ಬಾಗಿಲ ಹಿಂದಿನಿಂದ ಅತ್ತೆಯ ಸ್ವರ ಕೇಳಿತು: “ಹಾಗಾದರೆ ಮದುವೆಯ ಚಪ್ಪರಕ್ಕೆ ಬಿದಿರು ಎಲ್ಲಿಂದ ತರುವುದು ಮಾರಾಯ್ರೆ?”

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಹುಡುಗ ನಕ್ಕುಬಿಟ್ಟರು. “ಅಡಿಕೆ ಮರ ಉಂಟಲ್ಲ,” ಅಂದರು. ಬಂದಾಗಿನಿಂದ ಅವರು ಆಡಿದ ಮೊದಲ ಮಾತು ಅದು. ಅಜ್ಜಿ ಅದನ್ನೇ ಒಪ್ಪಿಗೆ ಎಂದು ತಿಳಿದು, ಯಾರಾದರೂ ಬೇರೆ ಮಾತು ತೆಗೆಯುವ ಮೊದಲೇ, ವೀಳ್ಯದ ತಟ್ಟೆ ತಂದು ಅವರ ಎದುರು ಇಟ್ಟರು.